ಭಂಡಾರವೂ ಬೆಂಕಿಯೂ

ಬೆಳಗಾವಿ ಜಿಲ್ಲೆಯ ರೈತರು ಬೆಳೆಯ ಬೇನೆಗಳಿಗೆ ಇಟ್ಟಿರುವ ಹೆಸರುಗಳಲ್ಲಿ ಎರಡು ನನ್ನ ಗಮನವನ್ನು ಬಹುಕಾಲದಿಂದ ಸೆಳೆದಿವೆ. ಗೋಧಿಗೆ ಬರುವುದು ಭಂಡಾರ ರೋಗ. ಭತ್ತಕ್ಕೆ ಬರುವುದು ಬೆಂಕಿ ರೋಗ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮೊದಲು ಮಳೆ ಸುರಿಯುವ ಭತ್ತದ ಗದ್ದೆಗಳ ನಡುವೆ ಹಾದು, ಮೂಡಲಕ್ಕೆ ತಿರುಗಿ, ಬೈಲಹೊಂಗಲ ಸವದತ್ತಿಗಳ ಎರೆಯ ನೆಲವನ್ನು ಸೇರುತ್ತಾಳೆ. ಹುಟ್ಟುವಲ್ಲಿ ಬೆಂಕಿಯ ಸೀಮೆ. ಹರಿದು ಹೋಗುವಲ್ಲಿ ಭಂಡಾರದ ಸೀಮೆ. ಇವೆರಡರ ನಡುವೆ ನಮ್ಮ ಬೆಳಗಾವಿ ನಗರವಿದೆ. ಇಲ್ಲಿನ ರವಿವಾರ ಪೇಟೆಯ ಅಂಗಡಿಗಳಲ್ಲಿ ಖಾನಾಪುರದ ಅಕ್ಕಿಯ ಚೀಲವೂ ಬಯಲಿನ ಗೋಧಿಯ ಚೀಲವೂ ಒಂದಕ್ಕೊಂದು ಆತು ನಿಂತಿರುತ್ತವೆ. ಆದರೆ ಭತ್ತದ ಬೆಂಕಿ ಗೋಧಿಗೆ ತಗಲುವುದಿಲ್ಲ. ಗೋಧಿಯ ಭಂಡಾರ ಭತ್ತಕ್ಕೆ ಅಂಟುವುದಿಲ್ಲ. ಏಕೆ? ಈ ಎಲ್ಲೆಯನ್ನು ಕಾಯುವವರು ಯಾರು? ಆ ಕಾವಲು ಎಂದಾದರೂ ತಪ್ಪುವುದುಂಟೆ? ಜೀವಮಾನವೆಲ್ಲ ಕನ್ನಡ ಕಾವ್ಯವನ್ನು ಪಾಠ ಹೇಳಿದವನಾದರೂ, ನಿವೃತ್ತಿಯ ಬಿಡುವಿನಲ್ಲಿ ಈ ಪ್ರಶ್ನೆಯ ಬೆನ್ನುಹತ್ತಿ ಓದಿ ತಿಳಿದುಕೊಂಡುದನ್ನು ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಭಂಡಾರದ ಮಾತು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರ ಹಣೆಗೆ, ಬಟ್ಟೆಗೆ, ಕೈಚೀಲಕ್ಕೆ ಅಂಟಿಕೊಂಡಿರುವ ಅರಿಸಿನದ ಪುಡಿಯೇ ಭಂಡಾರ. ಗೋಧಿಯ ಎಲೆಯ ಮೇಲೆ ಸಣ್ಣ ಸಣ್ಣ ಬೊಕ್ಕೆಗಳೆದ್ದು ಒಡೆದಾಗ ಅವುಗಳಿಂದ ಕಿತ್ತಳೆಗೂ ಕಂದಿಗೂ ನಡುವಣ ಬಣ್ಣದ ಪುಡಿ ಹೊರಬೀಳುತ್ತದೆ. ಅಂಥ ಹೊಲದಲ್ಲಿ ಒಂದು ಸುತ್ತು ನಡೆದು ಬಂದವನ ಧೋತರದ ಅಂಚು ಜಾತ್ರೆಗೆ ಹೋಗಿ ಬಂದವನ ಧೋತರದಂತೆಯೇ ಕಾಣುತ್ತದೆ. ಪುಸ್ತಕಗಳಲ್ಲಿ ಇದಕ್ಕೆ ತುಕ್ಕು ರೋಗವೆಂಬ ಹೆಸರುಂಟು. ಕಬ್ಬಿಣಕ್ಕೆ ಹಿಡಿಯುವ ತುಕ್ಕಿನ ಹೋಲಿಕೆ ಅದು. ಆದರೆ ತುಕ್ಕು ಇದ್ದಲ್ಲಿಯೇ ಇದ್ದು ತಿನ್ನುತ್ತದೆ. ಭಂಡಾರವಾದರೋ ಗಾಳಿಗೆ ತೂರಿದರೆ ಹಾರುತ್ತದೆ, ತಾಗಿದಲ್ಲಿ ಅಂಟುತ್ತದೆ. ರೋಗದ ಸ್ವಭಾವವನ್ನು ನಮ್ಮ ರೈತರ ಮಾತೇ ಹೆಚ್ಚು ಸರಿಯಾಗಿ ಹಿಡಿದಿದೆ ಎಂದು ನನ್ನ ಅನಿಸಿಕೆ. ಏಕೆಂದರೆ ಆ ಪುಡಿಯ ಒಂದೊಂದು ಕಣವೂ ಒಂದೊಂದು ಬೀಜಾಣು. ಹೊಸ ಎಲೆಯೊಂದರ ಮೇಲೆ ಬಿದ್ದು, ಇಬ್ಬನಿಯ ತೇವ ಸಿಕ್ಕರೆ, ಸುಮಾರು ಎರಡು ವಾರದಲ್ಲಿ ಮತ್ತೆ ಸಾವಿರಾರು ಕಣಗಳನ್ನು ಹೆರುತ್ತದೆ. ಪ್ರಾಚೀನ ರೋಮಿನ ಜನ ರೋಬಿಗಸ್ ಎಂಬ ತುಕ್ಕಿನ ದೇವತೆಯನ್ನೇ ಕಲ್ಪಿಸಿಕೊಂಡು, ವರ್ಷವರ್ಷವೂ ಏಪ್ರಿಲ್ 25ರಂದು ನಾಯಿಯನ್ನು ಬಲಿಕೊಟ್ಟು, ಬೆಳೆಯ ಮೇಲೆ ಕಣ್ಣು ಹಾಕಬೇಡವೆಂದು ಬೇಡಿಕೊಳ್ಳುತ್ತಿದ್ದರು.

ಈ ರೋಗವನ್ನು ತರುವುದು ಪಕ್ಸೀನಿಯ ಎಂಬ ಕುಲದ ಶಿಲೀಂಧ್ರ. ಗೋಧಿಗೆ ಅದರ ಮೂರು ಬಗೆಗಳು ಕಾಟ ಕೊಡುತ್ತವೆ: ಕಾಂಡಕ್ಕೆ ಬರುವ ಕಪ್ಪು ಭಂಡಾರ, ಎಲೆಗೆ ಬರುವ ಕಂದು ಭಂಡಾರ, ತಂಪು ನಾಡುಗಳ ಹಳದಿ ಭಂಡಾರ. ನಮ್ಮ ಬಯಲಿನಲ್ಲಿ ಕಾಣುವುದು ಮೊದಲಿನ ಎರಡು. ಇವು ಜೀವಂತ ಗಿಡದ ಮೇಲಲ್ಲದೆ ಬಾಳಲಾರವು. ಗಿಡವನ್ನು ಕೊಂದರೆ ತಮಗೂ ಉಳಿವಿಲ್ಲ; ಆದ್ದರಿಂದ ಅದನ್ನು ಬದುಕಿಸಿಟ್ಟುಕೊಂಡೇ ಅದರ ಸತ್ವವನ್ನು ಹೀರುತ್ತವೆ. ಕೊನೆಗೆ ರೈತನಿಗೆ ದಕ್ಕುವುದು ಸುಕ್ಕುಗಟ್ಟಿದ, ತೂಕವಿಲ್ಲದ ಕಾಳು.

ಬೆಂಕಿಯ ರೀತಿ ಬೇರೆ. ಆಷಾಢ ಶ್ರಾವಣಗಳ ಜಡಿಮಳೆ, ಮೋಡದ ಹೊದಿಕೆ, ಎಲೆಯ ಮೇಲಿನ ಆರದ ತೇವ ಇವು ಖಾನಾಪುರದ ಕಡೆಯ ಗದ್ದೆಗಳಲ್ಲಿ ಈ ರೋಗಕ್ಕೆ ಹಾಸಿಗೆ ಹಾಸಿಕೊಡುತ್ತವೆ. ಭತ್ತದ ಎಲೆಯ ಮೇಲೆ ಕಣ್ಣಿನ ಆಕಾರದ ಚುಕ್ಕೆಗಳು ಮೂಡುತ್ತವೆ. ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು. ಚುಕ್ಕೆಗಳು ಕೂಡಿಕೊಂಡರೆ ಗದ್ದೆ ಬೆಂಕಿ ಬಿದ್ದಂತೆ ಸೀಯುತ್ತದೆ. ತೆನೆಯ ಕುತ್ತಿಗೆಗೆ ತಗಲಿದರಂತೂ ತೆನೆ ಬೆಳ್ಳಗೆ ಜೊಳ್ಳಾಗಿ ನಿಲ್ಲುತ್ತದೆ. ಇದರ ಶಿಲೀಂಧ್ರಕ್ಕೆ ಪೈರಿಕ್ಯುಲೇರಿಯ ಎಂದು ಹೆಸರು. ಬೀಜಾಣು ಪೇರು ಹಣ್ಣಿನ ಆಕಾರದಲ್ಲಿರುವುದರಿಂದ ಆ ಹೆಸರು. ಈ ಬೀಜಾಣು ಎಲೆಗೆ ಅಂಟಿ, ಗುಮ್ಮಟದಂಥ ಒಂದು ಪುಟ್ಟ ಕೋಶವನ್ನು ಕಟ್ಟಿಕೊಳ್ಳುತ್ತದೆ. ಅದರೊಳಗೆ ಏರುವ ಒತ್ತಡ ಮೋಟಾರಿನ ಟಯರಿನಲ್ಲಿರುವ ಒತ್ತಡದ ಸುಮಾರು 40 ಪಟ್ಟು ಎಂದು ಅಳೆದಿದ್ದಾರೆ. ಆ ಬಲದಿಂದ ಸೂಜಿಯಂಥ ಎಳೆಯೊಂದನ್ನು ಎಲೆಯೊಳಕ್ಕೆ ಚುಚ್ಚುತ್ತದೆ. ಭಂಡಾರ ಬಾಗಿಲು ಹುಡುಕಿಕೊಂಡು ಎಲೆಯ ಉಸಿರು ರಂಧ್ರದ ಮೂಲಕ ನುಸುಳಿದರೆ, ಬೆಂಕಿ ಗೋಡೆಗೇ ಕನ್ನ ಹಾಕುತ್ತದೆ.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಇಂಥ ಬಲಶಾಲಿಗಳು ಎಲ್ಲ ಬೆಳೆಗೂ ಏಕೆ ನುಗ್ಗುವುದಿಲ್ಲ? ಸ್ವೀಡನ್ನಿನ ಯಾಕೋಬ್ ಎರಿಕ್ಸನ್ ಎಂಬ ವಿದ್ವಾಂಸ 1894ರಲ್ಲಿ ಒಂದು ಸೋಜಿಗವನ್ನು ತೋರಿಸಿದ. ಗೋಧಿ, ಓಟ್ಸು, ರೈ ಈ ಮೂರಕ್ಕೂ ಬರುವ ಕಪ್ಪು ಭಂಡಾರ ಸೂಕ್ಷ್ಮದರ್ಶಕದ ಕೆಳಗೆ ಒಂದೇ ತೆರನಾಗಿ ಕಂಡರೂ, ಗೋಧಿಯದು ಓಟ್ಸಿಗೆ ಹತ್ತದು, ಓಟ್ಸಿನದು ಗೋಧಿಗೆ ಹತ್ತದು. ರೂಪ ಒಂದೇ, ನಡತೆ ಬೇರೆ. ಮುಂದೆ ಅಮೆರಿಕದ ಮಿನ್ನೆಸೋಟದ ಸ್ಟಾಕ್‌ಮನ್ ಇನ್ನೂ ಒಳಕ್ಕೆ ಹೋದ. ಗೋಧಿಗೆ ಬರುವ ಭಂಡಾರದಲ್ಲಿಯೂ ಹಲವು ಒಳಪಂಗಡಗಳಿವೆ. ಒಂದು ಪಂಗಡ ಒಂದು ತಳಿಯ ಗೋಧಿಯನ್ನು ಹಾಳುಗೆಡವಿದರೆ ಮತ್ತೊಂದು ಪಂಗಡ ಅದನ್ನು ಮುಟ್ಟಲಾರದು ಎಂದು ಕಂಡುಕೊಂಡ. ಪಂಗಡಗಳನ್ನು ಗುರುತಿಸಲು ಆತನೂ ಆತನ ಸಹೋದ್ಯೋಗಿಗಳೂ ಹನ್ನೆರಡು ಗೋಧಿಗಳ ಒಂದು ಸಾಲನ್ನು ಆರಿಸಿಟ್ಟುಕೊಂಡರು. ಬೀಜಾಣುಗಳನ್ನು ಈ ಹನ್ನೆರಡರ ಮೇಲೂ ಎರಚುವುದು. ಯಾವುದು ಸೋತಿತು, ಯಾವುದು ಗೆದ್ದಿತು ಎಂಬ ಪಟ್ಟಿಯಿಂದ ಪಂಗಡವನ್ನು ಗೊತ್ತುಮಾಡುವುದು. ಚಿನ್ನದ ಅಕ್ಕಸಾಲಿಗೆ ಒರೆಗಲ್ಲು ಇದ್ದಂತೆ ಈ ಹನ್ನೆರಡು ಗೋಧಿಗಳು.

ಕೇಳುಗ ಮಿತ್ರರೇ, ಆ ಹನ್ನೆರಡರಲ್ಲಿ ಒಂದರ ಹೆಸರು ಖಪ್ಲಿ. ಮರಾಠಿ ಮಾತಿನವರು ಖಪ್ಲಿ ಎನ್ನುವ ಈ ಗೋಧಿಯನ್ನೇ ನಾವು ಜವೆ ಗೋಧಿ ಎನ್ನುತ್ತೇವೆ. ಸದಕ ಎಂದೂ ಹೇಳುವುದುಂಟು. ಹುಗ್ಗಿಗೆ, ಶಾವಿಗೆಗೆ ಇದೇ ಆಗಬೇಕೆಂದು ನಮ್ಮ ಮನೆಗಳ ಹಿರಿಯರು ಹಟ ಹಿಡಿಯುತ್ತಿದ್ದ ಗೋಧಿ, ಭಾರತದಿಂದ ಹೊರಟು ಅಮೆರಿಕದ ಪ್ರಯೋಗಶಾಲೆಯಲ್ಲಿ ಲೋಕದ ಭಂಡಾರಗಳನ್ನೆಲ್ಲ ಒರೆಹಚ್ಚಿ ನೋಡುವ ಕಲ್ಲಾಗಿ ಕುಳಿತಿತ್ತು. ಅದನ್ನು ಆರಿಸಿಕೊಂಡುದಕ್ಕೆ ಕಾರಣ ರುಚಿಯಲ್ಲ. ಉಳಿದ ಗೋಧಿಗಳು ಸೋತ ಬಹುಪಾಲು ಪಂಗಡಗಳ ಮುಂದೆ ಅದು ಸೋಲದೆ ನಿಂತದ್ದು.

ಈ ಸೋಲು ಗೆಲುವುಗಳ ಒಳಗುಟ್ಟನ್ನು ಬಿಡಿಸಿದವನು ಹೆರಾಲ್ಡ್ ಫ್ಲೋರ್. ಅಮೆರಿಕದ ಉತ್ತರ ಡಕೋಟದಲ್ಲಿ 1940ರ ದಶಕದಲ್ಲಿ ಅಗಸೆಯ ತುಕ್ಕನ್ನು ಅಭ್ಯಸಿಸಿ, ಗಿಡದಲ್ಲಿ ರೋಗವನ್ನು ತಡೆಯುವ ಒಂದೊಂದು ವಂಶವಾಹಿಗೂ ಎದುರಾಗಿ ಶಿಲೀಂಧ್ರದಲ್ಲಿ ಒಂದೊಂದು ವಂಶವಾಹಿ ಇದೆ ಎಂದು ಆತ ತೋರಿಸಿದ. ಇದನ್ನು ವಿವರಿಸಲು ಸಾಹಿತ್ಯದವನಾದ ನನಗೆ ಶಾಕುಂತಲದ ನೆನಪಾಗುತ್ತದೆ. ದುಷ್ಯಂತನ ಆಸ್ಥಾನಕ್ಕೆ ಬಂದ ಶಕುಂತಲೆಯ ಗುರುತು ಹತ್ತಬೇಕಾದರೆ ಉಂಗುರ ಬೇಕು. ಉಂಗುರ ನೀರಿನಲ್ಲಿ ಬಿದ್ದುಹೋದುದರಿಂದ ಗುರುತೂ ಹೋಯಿತು. ಕಾಳಿದಾಸ ನಾಟಕಕ್ಕೆ ಇಟ್ಟ ಹೆಸರಿನಲ್ಲಿಯೇ ಅಭಿಜ್ಞಾನ ಎಂಬ ಮಾತಿದೆ. ಗೋಧಿಯ ಜೀವಕೋಶದೊಳಗೂ ಇಂಥದೇ ಆಸ್ಥಾನವಿದೆ. ಶಿಲೀಂಧ್ರ ಒಳಗೆ ಬಂದೊಡನೆ ತನ್ನ ಕೆಲಸಕ್ಕಾಗಿ ಕೆಲವು ಪ್ರೋಟೀನುಗಳನ್ನು ಸ್ರವಿಸುತ್ತದೆ. ಅವೇ ಅದರ ಉಂಗುರಗಳು. ಗೋಧಿಯ ಕಾವಲು ಪ್ರೋಟೀನು ಅಂಥ ಒಂದು ಉಂಗುರವನ್ನು ಗುರುತಿಸಿತೆಂದರೆ, ಶತ್ರು ಹೊಕ್ಕ ಆ ಜೀವಕೋಶ ತನ್ನನ್ನೇ ಬಲಿಕೊಟ್ಟುಕೊಂಡು ಸಾಯುತ್ತದೆ. ಜೀವಂತ ಕೋಶವಿಲ್ಲದೆ ಬಾಳಲಾರದ ಭಂಡಾರ ಅಲ್ಲಿಯೇ ಹಸಿದು ಅಳಿಯುತ್ತದೆ. ಎಲೆಯ ಮೇಲೆ ಒಂದು ಚಿಕ್ಕ ಚುಕ್ಕೆ ಮಾತ್ರ ಉಳಿಯುತ್ತದೆ, ಗಿಡ ಬದುಕುತ್ತದೆ.

ಆದರೆ ನಾಟಕಕ್ಕೂ ಹೊಲಕ್ಕೂ ಒಂದು ವ್ಯತ್ಯಾಸ. ಶಕುಂತಲೆಗೆ ಉಂಗುರ ಕಳೆದದ್ದು ದುಃಖಕ್ಕೆ ಕಾರಣವಾಯಿತು; ಶಿಲೀಂಧ್ರಕ್ಕೆ ಉಂಗುರ ಕಳೆಯುವುದೇ ಭಾಗ್ಯ. ಗುರುತಿನ ಪ್ರೋಟೀನನ್ನು ಕಟ್ಟುವ ವಂಶವಾಹಿ ಕೆಟ್ಟುಹೋದರೆ, ಇಲ್ಲವೆ ರೂಪು ಬದಲಿಸಿದರೆ, ಕಾವಲುಗಾರ ಅದನ್ನು ಗುರುತಿಸಲಾರ. ಲಕ್ಷಾಂತರ ಬೀಜಾಣುಗಳಲ್ಲಿ ಒಂದಕ್ಕೆ ಮಾತ್ರ ಹೀಗಾಗಬಹುದು. ಆದರೆ ರೋಗ ಹಿಡಿದ ಒಂದು ಹೊಲದಲ್ಲಿ ಹಾರುವ ಬೀಜಾಣುಗಳ ಸಂಖ್ಯೆ ಕೋಟ್ಯನುಕೋಟಿ. ಆ ಒಂದಕ್ಕೆ ಎದುರಾಗಿ ಬೇರೆ ಬೇರೆ ತಳಿಗಳಿದ್ದರೆ ಅದು ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತದೆ. ನೂರಾರು ಹರದಾರಿ ಒಂದೇ ತಳಿ, ಒಂದೇ ಕಾವಲುಗಾರ ಇದ್ದರೆ ದೇಶವೇ ಅದರದು. ನಮ್ಮ ಹಸಿರು ಕ್ರಾಂತಿಯ ಕಾಲದಲ್ಲಿ ಹೆಸರಾಂತ ಕಲ್ಯಾಣ ಸೋನಾ ಗೋಧಿ 1960ರ ದಶಕದ ಕೊನೆಗೆ ಉತ್ತರ ಭಾರತದ ಹೊಲಗಳನ್ನು ತುಂಬಿತು. 1970ರ ದಶಕದಲ್ಲಿಯೇ ಹೊಸ ಪಂಗಡಗಳ ಭಂಡಾರಕ್ಕೆ ತುತ್ತಾಗತೊಡಗಿತು. ಗೋಧಿ ಬದಲಾಗಿರಲಿಲ್ಲ, ಭಂಡಾರ ಬದಲಾಗಿತ್ತು.

ಈ ಭಂಡಾರ ನಮ್ಮ ಜಿಲ್ಲೆಗೆ ಬರುವುದಾದರೂ ಎಲ್ಲಿಂದ? ಬೇಸಿಗೆಯಲ್ಲಿ ನಮ್ಮ ಬಯಲಿನಲ್ಲಿ ಗೋಧಿಯ ಪೈರಿಲ್ಲ, ಬೀಜಾಣುಗಳು ಆ ಬಿಸಿಲನ್ನು ತಾಳಲಾರವು. ಹಾಗಿದ್ದೂ ಪ್ರತಿವರ್ಷ ಚಳಿಗಾಲಕ್ಕೆ ರೋಗ ಹಾಜರು. ಈ ಒಗಟನ್ನು ಬಿಡಿಸಿದವರು ಆಗ್ರಾದ ಪ್ರಾಧ್ಯಾಪಕ ಕರಮ್ ಚಂದ್ ಮೆಹ್ತಾ. ಶಿಮ್ಲಾದ ಫ್ಲವರ್‌ಡೇಲಿನಲ್ಲಿ 1930ರಲ್ಲಿ ಪ್ರಯೋಗಶಾಲೆ ಹೂಡಿ, ಗಾಳಿಯಲ್ಲಿ ತೇಲುವ ಬೀಜಾಣುಗಳನ್ನು ಗಾಜಿನ ತುಣುಕುಗಳ ಮೇಲೆ ಹಿಡಿದು ಎಣಿಸಿ, ರೋಗ ಬೇಸಿಗೆಯನ್ನು ಕಳೆಯುವುದು ಬೆಟ್ಟಗಳ ತಂಪಿನಲ್ಲಿ ಎಂದು ಅವರು ಸಾಧಿಸಿದರು: ಉತ್ತರದಲ್ಲಿ ಹಿಮಾಲಯ, ದಕ್ಷಿಣದಲ್ಲಿ ನೀಲಗಿರಿ ಮತ್ತು ಪಳನಿ. ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಬಾರ್ಬೆರಿ ಎಂಬ ಪೊದೆ ಕಪ್ಪು ಭಂಡಾರದ ಎರಡನೆಯ ಮನೆ. ಅಲ್ಲಿ ಅದು ಕೂಡಿ ಬೆರೆತು ಹೊಸ ಸಂತಾನವನ್ನು ಪಡೆಯುತ್ತದೆ. ಭಾರತದಲ್ಲಿ ಆ ಪೊದೆಗೆ ಈ ಪಾತ್ರವಿಲ್ಲವೆಂದೂ ಮೆಹ್ತಾ ಕಂಡುಕೊಂಡರು. ಮುಂದೆ ಎಸ್. ನಾಗರಾಜನ್ ಮತ್ತು ಎಲ್. ಎಂ. ಜೋಶಿ 1970ರ ದಶಕದಲ್ಲಿ ದಕ್ಷಿಣದ ದಾರಿಯನ್ನು ತೋರಿಸಿಕೊಟ್ಟರು. ನವೆಂಬರಿನ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತಗಳು ನೀಲಗಿರಿಯ ಬೀಜಾಣುಗಳನ್ನು ಹೊತ್ತು ತಂದು, ಮಳೆಯೊಡನೆ ದಕ್ಷಿಣ ಮತ್ತು ಮಧ್ಯಭಾರತದ ಎಳೆ ಗೋಧಿಯ ಮೇಲೆ ಇಳಿಸುತ್ತವೆ. ತಿಥಿ ನೋಡದೆ ಬರುವವನು ಅತಿಥಿ ಎನ್ನುತ್ತೇವೆ. ಈ ಅತಿಥಿಗಾದರೋ ತಿಥಿಯುಂಟು, ವಾಹನವೂ ಉಂಟು. ಕರ್ನಾಟಕದ ಗೋಧಿಯ ಹೊಲ ಆ ದಾರಿಯ ಮೊದಲ ಮನೆಗಳಲ್ಲೊಂದು.

ಬಾರ್ಬೆರಿಯ ಮದುವೆಮನೆ ಇಲ್ಲದಿದ್ದರೂ ಭಂಡಾರ ಹೊಸ ವೇಷ ತಾಳುವುದುಂಟು. 1998ರಲ್ಲಿ ಆಫ್ರಿಕದ ಉಗಾಂಡದಲ್ಲಿ ಕಂಡು 1999ರಲ್ಲಿ ಹೆಸರು ಪಡೆದ ಯು-ಜಿ-99 ಎಂಬ ಕಪ್ಪು ಭಂಡಾರವೇ ಇದಕ್ಕೆ ಸಾಕ್ಷಿ. ರೈ ಧಾನ್ಯದಿಂದ ಗೋಧಿಗೆ ತಂದುಕೊಂಡ ಒಂದು ಕಾವಲು ವಂಶವಾಹಿಯನ್ನು ಲೋಕದ ಅನೇಕ ತಳಿಗಳು ನೆಚ್ಚಿಕೊಂಡಿದ್ದವು. ಯು-ಜಿ-99 ಅದನ್ನೇ ಮುರಿಯಿತು. ಕೀನ್ಯ, ಇಥಿಯೋಪಿಯಗಳನ್ನು ದಾಟಿ 2006ರಲ್ಲಿ ಯೆಮನ್, 2007ರಲ್ಲಿ ಇರಾನ್ ತಲುಪಿತು. ಇದರ ಹುಟ್ಟಿನ ಗುಟ್ಟು 2019ರಲ್ಲಿ ಹೊರಬಿತ್ತು. ಭಂಡಾರದ ಪ್ರತಿ ಕೋಶದಲ್ಲಿಯೂ ಎರಡೆರಡು ಕೋಶಕೇಂದ್ರಗಳಿರುತ್ತವೆ. ಎರಡು ಬೇರೆ ಪಂಗಡಗಳ ಎಳೆಗಳು ಒಂದೇ ಎಲೆಯಲ್ಲಿ ತಾಗಿಕೊಂಡಾಗ, ಮದುವೆಯಿಲ್ಲದೆಯೇ, ಒಂದರ ಕೋಶಕೇಂದ್ರ ಇಡಿಯಾಗಿ ಮತ್ತೊಂದಕ್ಕೆ ಸೇರಿತ್ತು. ದಕ್ಷಿಣ ಆಫ್ರಿಕದ ಹಳೆಯ ಪಂಗಡವೊಂದರ ಕೇಂದ್ರವೇ ಯು-ಜಿ-99ರ ಒಂದು ಅರ್ಧವಾಗಿದೆ. ಎರಡು ಓಲೆಗರಿ ಗ್ರಂಥಗಳ ಗರಿಗಳನ್ನು ಬೆರೆಸಿ ಮೂರನೆಯ ಕಟ್ಟನ್ನು ಕಟ್ಟಿದಂತೆ.

ಬೆಂಕಿ ರೋಗದ ಕಥೆ ಇನ್ನೂ ಕಳವಳಕಾರಿ. ಖಾನಾಪುರದ ಭತ್ತದ ಬೆಂಕಿ ಗೋಧಿಯನ್ನು ಸುಡುವುದಿಲ್ಲ ಎಂದೆನಷ್ಟೆ. ಆದರೆ ಅದೇ ಜಾತಿಯ ಶಿಲೀಂಧ್ರದ ಬೇರೆ ಪಂಗಡಗಳು ರಾಗಿಯ ಮೇಲೆ, ಹಲವು ಹುಲ್ಲುಗಳ ಮೇಲೆ ಬಾಳುತ್ತವೆ. 1985ರಲ್ಲಿ ಬ್ರೆಜಿಲಿನ ಪರಾನಾ ಪ್ರಾಂತದಲ್ಲಿ ಮೊತ್ತಮೊದಲು ಗೋಧಿಗೆ ಬೆಂಕಿ ಬಿತ್ತು. ಅದು ಹೇಗೆ ಎಂಬುದಕ್ಕೆ ಜಪಾನಿನ ಕೋಬೆ ವಿಶ್ವವಿದ್ಯಾಲಯದ ಯುಕಿಯೊ ತೋಸಾ ಮತ್ತು ಸಂಗಡಿಗರು 2017ರಲ್ಲಿ ಕೊಟ್ಟ ವಿವರಣೆ ಹೀಗಿದೆ. ಹುಲ್ಲಿನ ಮೇಲಿನ ಶಿಲೀಂಧ್ರಕ್ಕೆ ಒಂದು ಉಂಗುರವಿತ್ತು. ಅದನ್ನು ಗುರುತಿಸುವ ಕಾವಲುಗಾರ ಬಹುಪಾಲು ಗೋಧಿಗಳಲ್ಲಿ ಇದ್ದ. ಆದರೆ 1980ರ ದಶಕದ ಆರಂಭದಲ್ಲಿ ಬ್ರೆಜಿಲಿನಲ್ಲಿ ಆನಾವಾಕ್ ಮುಂತಾದ ತಳಿಗಳು ವಿಸ್ತಾರವಾಗಿ ಹಬ್ಬಿದವು. ಅವುಗಳಲ್ಲಿ ಆ ಕಾವಲುಗಾರನಿರಲಿಲ್ಲ. ಕಾವಲಿಲ್ಲದ ಮನೆಯಲ್ಲಿ ಶಿಲೀಂಧ್ರ ಬಿಡಾರ ಹೂಡಿತು. ಗೋಧಿಯ ಮೇಲೆ ಬಾಳುವುದನ್ನು ರೂಢಿಸಿಕೊಂಡಿತು. ಕೊನೆಗೆ ತನ್ನ ಉಂಗುರವನ್ನೇ ಕಳಚಿ ಎಸೆದು, ಕಾವಲಿದ್ದ ಗೋಧಿಗಳೊಳಕ್ಕೂ ನಡೆಯಿತು. ಆ ಕಾವಲುಗಾರನ ಬಗ್ಗೆ ತಳಿ ಬೆಳೆಸಿದವರಿಗೆ ಆಗ ತಿಳಿದೇ ಇರಲಿಲ್ಲ. ಅವರು ನೋಡಿದ್ದು ಇಳುವರಿಯನ್ನು.

ಮೂವತ್ತು ವರ್ಷ ದಕ್ಷಿಣ ಅಮೆರಿಕದಲ್ಲಿದ್ದ ಈ ಬೆಂಕಿ 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದಲ್ಲಿ ಕಾಣಿಸಿಕೊಂಡು ಸುಮಾರು 15,000 ಹೆಕ್ಟೇರು ಗೋಧಿಯನ್ನು ಹೊಕ್ಕಿತು. ಶಿಲೀಂಧ್ರದ ವಂಶವಾಹಿಗಳನ್ನು ಓದಿ ನೋಡಿದಾಗ ಅದು ಸ್ಥಳೀಯ ಭತ್ತದಿಂದ ಬಂದದ್ದಲ್ಲ, ದಕ್ಷಿಣ ಅಮೆರಿಕದಿಂದ ಬಂದದ್ದು ಎಂದು ಸ್ಪಷ್ಟವಾಯಿತು. ಗಡಿಯ ಈಚೆಗೆ ಪಶ್ಚಿಮ ಬಂಗಾಳದ ನಾದಿಯಾ, ಮುರ್ಶಿದಾಬಾದ್ ಜಿಲ್ಲೆಗಳಲ್ಲಿ ಮುನ್ನೆಚ್ಚರಿಕೆಯಾಗಿ ಗೋಧಿ ಬಿತ್ತುವುದನ್ನೇ ಕೆಲವು ವರ್ಷ ನಿಲ್ಲಿಸಲಾಯಿತು. 2018ರಲ್ಲಿ ಆಫ್ರಿಕದ ಜಾಂಬಿಯದಲ್ಲಿಯೂ ಇದೇ ಪಂಗಡ ಕಂಡಿತು. ಅದು ಆಫ್ರಿಕದ ರಾಗಿಯ ಬೆಂಕಿ ರೋಗದ ಶಿಲೀಂಧ್ರದೊಡನೆ ಕೂಡಬಲ್ಲದು ಎಂದು ಪ್ರಯೋಗಶಾಲೆಯಲ್ಲಿ ಕಂಡಿರುವುದಾಗಿ 2023ರ ವರದಿಯೊಂದು ಹೇಳುತ್ತದೆ. ರಾಗಿಯನ್ನು ಉಣ್ಣುವ ನಾಡಿನವರಾದ ನಾವು ಈ ಮಾತನ್ನು ಅಲಕ್ಷಿಸುವಂತಿಲ್ಲ.

ಹಾಗಾದರೆ ಗೋಧಿಗೂ ಭತ್ತಕ್ಕೂ ನಡುವಣ ಎಲ್ಲೆಯನ್ನು ಕಾಯುವವರು ಯಾರು ಎಂಬ ಮೊದಲಿನ ಪ್ರಶ್ನೆಗೆ ಉತ್ತರವೇನು? ಅದು ಕಲ್ಲಿನ ಕೋಟೆಯಲ್ಲ. ಎಷ್ಟೋ ಕಡೆ ಅದು ಬೆರಳೆಣಿಕೆಯ ಕಾವಲುಗಾರರು ನಿಂತಿರುವ ಗಡಿ. ಅವರು ಎಷ್ಟು ಮಂದಿ, ಎಷ್ಟು ಬಗೆಯವರು ಎಂಬುದರ ಮೇಲೆ ನಮ್ಮ ಅನ್ನ ನಿಂತಿದೆ. ಇದರಿಂದ ಜವೆ ಗೋಧಿಯ ಮಾತು ಮತ್ತೆ ಮುಂದೆ ಬರುತ್ತದೆ. ಖಪ್ಲಿಯಲ್ಲಿರುವ ಕಾವಲು ವಂಶವಾಹಿಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ಹದಿಮೂರನೆಯ ನಂಬರು ಕೊಟ್ಟಿದ್ದಾರೆ. ಯು-ಜಿ-99ನ್ನು ತಡೆಯಬಲ್ಲವುಗಳಲ್ಲಿ ಅದೊಂದು. 2017ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳ ತಂಡ ಅದನ್ನು ಬಿಡಿಸಿ ಓದಿತು. ಇದನ್ನು ಕೇಳಿ ನಾವು ಹಿಗ್ಗಬಹುದು, ಮೈಮರೆಯಬಾರದು. ಈ ಹದಿಮೂರನೆಯ ಕಾವಲುಗಾರನನ್ನೂ ವಂಚಿಸುವ ಪಂಗಡಗಳು ಇಥಿಯೋಪಿಯದಲ್ಲಿ ಇರುವುದು 2012ರಲ್ಲಿಯೇ ವರದಿಯಾಗಿದೆ. ಯಾವ ಒಂದು ವಂಶವಾಹಿಯೂ ಸಂಜೀವಿನಿಯಲ್ಲ. ಹಲವು ಕಾವಲುಗಾರರನ್ನು ಒಂದೇ ತಳಿಯಲ್ಲಿ ಕೂಡಿಸುವುದು, ಹಲವು ತಳಿಗಳನ್ನು ಒಂದೇ ಸೀಮೆಯಲ್ಲಿ ಬೆಳೆಯುವುದು, ಇವೇ ಈಗ ತಿಳಿದಿರುವ ಭದ್ರವಾದ ದಾರಿಗಳು.

ಜವೆ ಗೋಧಿ ನಮ್ಮ ಹೊಲಗಳಿಂದ ಹಿಂದೆ ಸರಿದುದಕ್ಕೆ ಕಾರಣಗಳಿವೆ. ಅದರ ಸಿಪ್ಪೆ ಕಾಳನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಕುಟ್ಟಿ ಬಿಡಿಸುವ ದುಡಿಮೆ ಹೆಚ್ಚು. ನೀರಾವರಿ ಬಂದಲ್ಲಿ ಕಬ್ಬು, ಮೆಕ್ಕೆಜೋಳಗಳು ಹೆಚ್ಚು ಹಣ ತಂದವು. ರೈತನನ್ನು ದೂರುವುದು ನ್ಯಾಯವಲ್ಲ. ಲೋಕಕ್ಕೆ ಬೇಕಾದ ಕಾವಲನ್ನು ಅವನೊಬ್ಬನೇ ತನ್ನ ನಷ್ಟದಲ್ಲಿ ಸಾಕಲಿ ಎನ್ನಲಾಗದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಡಿಡಿಕೆ 1025, ಡಿಡಿಕೆ 1029 ಮುಂತಾದ ಗಿಡ್ಡ ಜಾತಿಯ, ಹೆಚ್ಚು ಫಲ ಕೊಡುವ ಜವೆ ಗೋಧಿಗಳನ್ನು ಬೆಳೆಸಿ ರೈತರ ಕೈಗಿತ್ತಿರುವುದು ಈ ನಿಟ್ಟಿನಲ್ಲಿ ದೊಡ್ಡ ಉಪಕಾರ. ಬೀಜದ ಉಗ್ರಾಣದ ತಂಪು ಪೆಟ್ಟಿಗೆಯಲ್ಲಿ ತಳಿಯನ್ನು ಕಾಪಾಡಬಹುದು. ಆದರೆ ಪೆಟ್ಟಿಗೆಯಲ್ಲಿರುವ ಗೋಧಿಗೆ ಹೊರಗಿನ ಭಂಡಾರದ ಹೊಸ ವೇಷಗಳ ಪರಿಚಯವಾಗುವುದಿಲ್ಲ. ಹೊಲದಲ್ಲಿರುವ ಗೋಧಿಯಾದರೋ ಪ್ರತಿ ಚಳಿಗಾಲದಲ್ಲಿಯೂ ಅವುಗಳ ಒರೆಗೆ ನಿಂತು, ಸೋತಿತೋ ಗೆದ್ದಿತೋ ಎಂಬುದನ್ನು ನಮಗೆ ತೋರಿಸಿಕೊಡುತ್ತದೆ.

ಪಟ್ಟಣದಲ್ಲಿರುವ ನಾವು ಬಿತ್ತುವವರಲ್ಲ, ಕೊಳ್ಳುವವರು. ನಾವು ಏನನ್ನು ಕೇಳುತ್ತೇವೆಯೋ ಅದು ಬಿತ್ತನೆಯಾಗುತ್ತದೆ. ಹುಗ್ಗಿಗೆ ಜವೆಯೇ ಬೇಕೆಂದು ಹಟ ಹಿಡಿದ ಹಿರಿಯರಿಗೆ ವಂಶವಾಹಿಯ ಸಂಗತಿ ತಿಳಿದಿರಲಿಲ್ಲ. ಅವರಿಗೆ ತಿಳಿದಿದ್ದುದು ರುಚಿ. ಆ ರುಚಿಯ ಹಟದಿಂದಲೇ ಎರೆಯ ಹೊಲದ ಒಂದು ಮೂಲೆಯಲ್ಲಿ ಆ ಗೋಧಿ ಉಳಿದುಬಂತು. ಸಂಕ್ರಾಂತಿಯ ಮಾದಲಿಗೆ, ಹಬ್ಬದ ಹುಗ್ಗಿಗೆ ಗೋಧಿ ಕೊಳ್ಳುವಾಗ ಅಂಗಡಿಯವನನ್ನು ಜವೆ ಉಂಟೆ ಎಂದು ಒಂದು ಮಾತು ಕೇಳುವುದು ಕಷ್ಟದ ಕೆಲಸವೇನೂ ಅಲ್ಲ.